ಜಪಸರ ನೋಡಿ ಬರೆದ ಒಂದು ಸಾಲು

ಕಳೆದ ವರ್ಷ ನಮ್ಮ ಚಿಕ್ಕಮ್ಮನನ್ನು ಗರ್ಭಕೋಶದ ಆಪರೇಷನ್‌ಗೆಂದು ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಗಡ್ಡೆ ಬೆಳೆದು ವರ್ಷಗಟ್ಟಲೆ ರಕ್ತ ಹೋಗಿ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಎರಡು ಯೂನಿಟ್ ರಕ್ತ ಹಾಕಿಯೇ ಥಿಯೇಟರಿಗೆ ಕರೆದೊಯ್ಯೋಣ ಎಂದು ದೊಡ್ಡ ಡಾಕ್ಟರು ಹೇಳಿ ಹೋಗಿದ್ದರು. ಬೆಳಿಗ್ಗೆ ಒಂಬತ್ತಾದರೂ ರಕ್ತದ ಸುಳಿವಿಲ್ಲ. ಸಿಸ್ಟರನ್ನು ಕೇಳಿದರೆ ಫೈಲು ತಿರುವಿ ನೋಡಿ, "ನೀವೇ ಬೇಡ ಅಂದಿದ್ದೀರಲ್ಲ?" ಅಂದರು. ಫೈಲಿನಲ್ಲಿ ಒಂದು ಸಾಲು: ಕ್ರಿಶ್ಚಿಯನ್, ರಕ್ತ ಬೇಡವೆಂದಿದ್ದಾರೆ.

ಆಗಿದ್ದಿಷ್ಟು. ರಾತ್ರಿ ಡ್ಯೂಟಿಯ ಕಿರಿಯ ಡಾಕ್ಟರು ಬಂದಾಗ ಚಿಕ್ಕಮ್ಮನ ಕೈಯಲ್ಲಿ ಜಪಸರ, ಅಂದರೆ ಕ್ಯಾಥೊಲಿಕರ ಶಿಲುಬೆಯಿರುವ ಜಪಮಾಲೆ, ಇತ್ತು. ಅದನ್ನು ನೋಡಿ, "ನೀವು ರಕ್ತ ಹಾಕಿಸ್ಕೊಳ್ಳಲ್ಲ ಅಲ್ವಾಮ್ಮ?" ಎಂದು ಕೇಳಿದ್ದಾರೆ. ಅರೆನಿದ್ದೆಯಲ್ಲಿದ್ದ ಚಿಕ್ಕಮ್ಮನಿಗೆ ಅದು "ಹಾಕಿಸ್ಕೊಂಡಿಲ್ಲ ಅಲ್ವಾ" ಎಂದು ಕೇಳಿಸಿದೆ. "ಇಲ್ಲ ಸಾರ್, ಇನ್ನೂ ಇಲ್ಲ" ಅಂದಿದ್ದಾಳೆ. ಆ 'ಇನ್ನೂ' ಎಂಬ ಪದ ಫೈಲಿಗೆ ಇಳಿಯಲಿಲ್ಲ.

ಅನಾಹುತವೇನೂ ಆಗಲಿಲ್ಲ. ಆಪರೇಷನ್ ಒಂದು ದಿನ ಮುಂದಕ್ಕೆ ಹೋಯಿತು, ಆ ಹುಡುಗ ಬಂದು "ಸಾರಿ ಆಂಟಿ" ಅಂದ. ಅವನ ಉದ್ದೇಶವೂ ಕೆಟ್ಟದ್ದಲ್ಲ. ಎಲ್ಲೋ ಓದಿದ್ದನ್ನು ನೆನಪಿಟ್ಟುಕೊಂಡು ರೋಗಿಯ ನಂಬಿಕೆಗೆ ಮರ್ಯಾದೆ ಕೊಡಲು ಹೊರಟಿದ್ದ. ಕೊಟ್ಟ ಮರ್ಯಾದೆ ಮಾತ್ರ ಬೇರೆ ಯಾರದೋ ನಂಬಿಕೆಗೆ ಸಂದಿತ್ತು.

ರಕ್ತ ಬೇಡವೆನ್ನುವವರು ಯೆಹೋವನ ಸಾಕ್ಷಿಗಳು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಂಗಡ ಅದು. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂಬ ತ್ರಿಯೇಕ ಕಲ್ಪನೆಯನ್ನು ಅವರು ಒಪ್ಪುವುದಿಲ್ಲವಾದ್ದರಿಂದ ಕ್ಯಾಥೊಲಿಕರಾಗಲಿ ಸಿ.ಎಸ್.ಐ. ಚರ್ಚಿನ ಪ್ರೊಟೆಸ್ಟೆಂಟರಾಗಲಿ ಅವರನ್ನು ತಮ್ಮವರೆಂದು ಎಣಿಸುವುದಿಲ್ಲ. ಅವರಿಗೂ ಇವರ ಹಂಗು ಬೇಕಿಲ್ಲ. "ರಕ್ತವನ್ನು ವರ್ಜಿಸಿ" ಎಂಬ ಅರ್ಥದ ಮಾತು ಪ್ರೇಷಿತರ ಕಾರ್ಯಕಲಾಪಗಳ 15ನೆಯ ಅಧ್ಯಾಯದಲ್ಲಿದೆ (ಪ್ರೊಟೆಸ್ಟೆಂಟರ ಬೈಬಲಿನಲ್ಲಿ ಇದೇ ಪುಸ್ತಕಕ್ಕೆ ಅಪೊಸ್ತಲರ ಕೃತ್ಯಗಳು ಎಂದು ಹೆಸರು). ಉಳಿದ ಚರ್ಚುಗಳು ಅದನ್ನು ಆ ಕಾಲದ ಊಟದ ನಿಯಮವೆಂದು ಓದಿದರೆ, ಸಾಕ್ಷಿಗಳು 1945ರಿಂದ ಈಚೆಗೆ ರಕ್ತ ಹಾಕಿಸಿಕೊಳ್ಳುವುದಕ್ಕೂ ಅನ್ವಯಿಸಿಕೊಂಡರು. ಇನ್ನೊಂದು ಸಂಗತಿ: ಅವರು ಶಿಲುಬೆಯನ್ನು ಪೂಜ್ಯ ಚಿಹ್ನೆಯಾಗಿ ಒಪ್ಪುವುದಿಲ್ಲ, ಜಪಸರ ಹಿಡಿಯುವುದಿಲ್ಲ. ಚಿಕ್ಕಮ್ಮನ ಕೈಯಲ್ಲಿದ್ದ ಆ ಜಪಸರವೇ ಆಕೆ ಸಾಕ್ಷಿಗಳ ಪೈಕಿಯಲ್ಲ ಎನ್ನುವುದಕ್ಕೆ ಸಾಕಾದಷ್ಟು ಪುರಾವೆಯಾಗಿತ್ತು!

ಯೆಹೋವನ ಸಾಕ್ಷಿಗಳೂ "ಆಸ್ಪತ್ರೆ ಬೇಡ" ಎನ್ನುವವರಲ್ಲ. ಆಪರೇಷನ್ ಮಾಡಿಸಿಕೊಳ್ಳುತ್ತಾರೆ, ಮಾತ್ರೆ ನುಂಗುತ್ತಾರೆ. ಅವರ ಸಂಘಟನೆ ಲಸಿಕೆಯ ವಿರೋಧವನ್ನು 1952ರಲ್ಲಿ, ಅಂಗಾಂಗ ಕಸಿಯ ವಿರೋಧವನ್ನು 1980ರಲ್ಲಿ ಬಿಟ್ಟಿತು. ಪೂರ್ತಿ ರಕ್ತ, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಇವಿಷ್ಟು ಬೇಡ. ರಕ್ತದಿಂದ ಬೇರ್ಪಡಿಸಿದ ಅಲ್ಬುಮಿನ್‌ ಎಂಬ ಪ್ರೋಟೀನಿನಂತಹ ಅಂಶಗಳ ವಿಚಾರದಲ್ಲಿ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಹಾಗಾಗಿ ಸಾಕ್ಷಿ ಪಂಗಡದ ಇಬ್ಬರು ಅಕ್ಕಪಕ್ಕದ ಹಾಸಿಗೆಯಲ್ಲಿದ್ದರೆ ಇಬ್ಬರ ಉತ್ತರವೂ ಒಂದೇ ಇರಬೇಕೆಂದಿಲ್ಲ. ಪಂಗಡ ಗೊತ್ತಾದ ಮೇಲೂ ಮನುಷ್ಯನನ್ನು ಕೇಳುವ ಕೆಲಸ ಉಳಿದೇ ಇರುತ್ತದೆ.

ಮೈಸೂರು ಮಂಡ್ಯದ ಕಡೆ ಕ್ರೈಸ್ತರ ಬಗ್ಗೆ ಜನರ ತಲೆಯಲ್ಲಿ ಎರಡು ಚಿತ್ರ ಜೊತೆಜೊತೆಗೇ ಇವೆ. ಒಂದು ಬಿಳಿ ಉಡುಪಿನ ಸಿಸ್ಟರಮ್ಮನದು. ಕೈ ತಂಪು, ಮಾತು ಮೃದು, ಬಿಲ್ಲು ಕಡಿಮೆ. ಇನ್ನೊಂದು ತಗಡಿನ ಶೀಟಿನ ಪ್ರಾರ್ಥನಾ ಮಂದಿರದ ಪಾಸ್ಟರನದು. ಮೈಕು, ಕೀಬೋರ್ಡು, "ಮಾತ್ರೆ ಬಿಸಾಕು, ವಿಶ್ವಾಸ ಇಡು" ಎಂಬ ಕೂಗು. ಎರಡೂ ಒಂದೇ ಸಮುದಾಯದ ಮೇಲೆ ಅಂಟಿಸಿದ ಚೀಟಿಗಳು. ಒಂದು ಚಿತ್ರ ನಿಜವಾದರೆ ಇನ್ನೊಂದು ಹೇಗೆ ಎಂದು ಯಾರೂ ಕೇಳಿಕೊಂಡ ಹಾಗಿಲ್ಲ.

ಮೊದಲನೆಯ ಚಿತ್ರಕ್ಕೆ ಇತಿಹಾಸದ ಬಲವಿದೆ. ಮೈಸೂರಿಗರು ಇವತ್ತಿಗೂ 'ಮಿಷನ್ ಆಸ್ಪತ್ರೆ' ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ವೆಸ್ಲಿಯನ್ ಮಿಷನ್ನಿನವರು ತೆರೆದದ್ದು 1906ರಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಔಷಧಿ ಕೊಡಲು ಶುರುಮಾಡಿದರು. ಅವರು ಕೊಟ್ಟದ್ದು ಹೋಮಿಯೋಪತಿ. ವೆಲ್ಲೂರಿನಲ್ಲಿ ಐಡಾ ಸ್ಕಡ್ಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ್ದು ಇಂದಿನ ಸಿ.ಎಂ.ಸಿ. ಆಸ್ಪತ್ರೆ. ಮಂಡ್ಯದವರಿಗೆ ಸಾಂಜೋ ಆಸ್ಪತ್ರೆ ಗೊತ್ತು, ಬನ್ನಿಮಂಟಪದ ಕಡೆಯವರಿಗೆ ಸಂತ ಜೋಸೆಫರ ಆಸ್ಪತ್ರೆ ಗೊತ್ತು. ಇವನ್ನೆಲ್ಲ ಎಷ್ಟು ಸಲ ಹೇಳಿ ಮುಗಿಸಿದ್ದೇವೆಂದರೆ ಪಟ್ಟಿ ಬೆಳೆಸಲು ನನಗೇ ಬೇಸರ.

ಅದಕ್ಕಿಂತ ನೂರು ವರ್ಷ ಹಿಂದಿನ, ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನ ಕಥೆ ಹೆಚ್ಚು ಸ್ವಾರಸ್ಯದ್ದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಆಬೆ ಡುಬಾಯ್ ಎಂಬ ಫ್ರೆಂಚ್ ಪಾದ್ರಿ ಅಲ್ಲಿನ ಕ್ರೈಸ್ತರನ್ನು ನೋಡಿಕೊಳ್ಳಲು ಬಂದರು. ನಮ್ಮವರಂತೆ ಬಟ್ಟೆ ತೊಟ್ಟು, ಮಾಂಸ ಬಿಟ್ಟು, ಕನ್ನಡ ಕಲಿತ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎನ್ನುತ್ತಿದ್ದರು. ಇಂಗ್ಲೆಂಡಿನ ವೈದ್ಯ ಜೆನ್ನರನ ಸಿಡುಬಿನ ಲಸಿಕೆ ಮುಂಬಯಿ ತಲುಪಿದ್ದು 1802ರಲ್ಲಿ. ಒಂದೆರಡು ವರ್ಷದೊಳಗೆ ಈ ಪಾದ್ರಿ ಮೈಸೂರು ಸೀಮೆಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದ ಲೆಕ್ಕ ಸಿಗುತ್ತದೆ. ಆಗ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಒಬ್ಬನ ತೋಳಿನಲ್ಲಿ ಎದ್ದ ಗುಳ್ಳೆಯ ಕೀವನ್ನು ತೆಗೆದು ಇನ್ನೊಬ್ಬನ ತೋಳಿಗೆ ಗೀರಿ ಹಾಕಬೇಕು. ಯಾವ ಜಾತಿಯವನ ಕೀವು ಯಾರ ತೋಳಿಗೆ ಎಂಬ ಪ್ರಶ್ನೆ ಹುಟ್ಟದೇ ಇರುತ್ತದೆಯೇ! ಮೇಲಾಗಿ ಸಿಡುಬು ಎಂದರೆ ಅಮ್ಮ, ಅಮ್ಮನನ್ನು ತಡೆಯುವುದುಂಟೆ? ಅದೇ ಸುಮಾರಿಗೆ, 1805ರ ಹೊತ್ತಿಗೆ, ಮೈಸೂರು ಅರಮನೆಯ ಮೂವರು ಹೆಂಗಸರ ಒಂದು ವರ್ಣಚಿತ್ರ ತಯಾರಾಯಿತು. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಅದು ಲಸಿಕೆಯ ಗುರುತನ್ನು ಜನಕ್ಕೆ ತೋರಿಸಿ ಧೈರ್ಯ ತುಂಬಲು ಬರೆಸಿದ ಚಿತ್ರ ಎಂದು ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಅಂದರೆ ಲಸಿಕೆಗೆ ಇಲ್ಲಿ ದಾರಿ ಮಾಡಿಕೊಟ್ಟವರಲ್ಲಿ ಒಬ್ಬ ಪಾದ್ರಿಯೂ ಇದ್ದ, ಚಾಮುಂಡಿಯ ಒಕ್ಕಲಾದ ರಾಜಮನೆತನವೂ ಇತ್ತು.

ಇದೇ ಡುಬಾಯ್ ಹಿಂದೂಗಳ ಆಚಾರ ವ್ಯವಹಾರ ಕುರಿತು ಒಂದು ದಪ್ಪ ಪುಸ್ತಕ ಬರೆದಿಟ್ಟು ಹೋದರು. ಅದರಲ್ಲಿ ಈ ಜನ ಹೀಗೆ, ಆ ಜಾತಿ ಹಾಗೆ ಎಂಬ ಸಾರಾಸಗಟು ತೀರ್ಪುಗಳಿಗೆ ಬರವಿಲ್ಲ. ಸಾವಿರಾರು ತೋಳುಗಳಿಗೆ ಲಸಿಕೆ ಹಾಕಿಸಿದವರಿಗೂ ಒಂದೊಂದು ತೋಳಿನ ಹಿಂದೆ ಒಬ್ಬೊಬ್ಬ ಬೇರೆ ಮನುಷ್ಯ ಇದ್ದಾನೆಂದು ಕಾಣುವುದು ಅಷ್ಟು ಸುಲಭವಾಗಿರಲಿಲ್ಲ.

ಸಿಸ್ಟರಮ್ಮನ ಚಿತ್ರದಲ್ಲೂ ಒಂದು ತೊಡಕಿದೆ. ಮಿಷನ್ ಆಸ್ಪತ್ರೆಗಳು ಸುವಾರ್ತೆ ಸಾರುವ ಉದ್ದೇಶವನ್ನೂ ಇಟ್ಟುಕೊಂಡೇ ಹುಟ್ಟಿದವು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಹಳೆಯ ನೆನಪೇ ಇವತ್ತು ರೋಗಿಯ ಮನೆಗೆ ಹೋಗಿ ಪ್ರಾರ್ಥನೆ ಮಾಡಿದವನನ್ನು ಊರವರು ಮತಾಂತರದ ಗುಮಾನಿಯಿಂದ ನೋಡುವಂತೆ ಮಾಡುತ್ತದೆ. 2022ರ ಕರ್ನಾಟಕದ ಮತಾಂತರ ಕಾಯಿದೆ 'ಆಮಿಷ'ದ ಅರ್ಥವನ್ನು ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯವರೆಗೆ ಹಿಗ್ಗಿಸಿದ ಮೇಲೆ ಗುಮಾನಿಗೆ ಕಾನೂನಿನ ಭಾಷೆಯೂ ಸಿಕ್ಕಿತು. ಆ ಕಾಯಿದೆಯನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಗುಮಾನಿಯನ್ನು ಹಿಂಪಡೆಯಲು ಯಾವ ಸಂಪುಟದಿಂದಲೂ ಆಗದು. ಇನ್ನು ನರ್ಸುಗಳನ್ನು ಕೇಳಿದರೆ ಅವರದೇ ಒಂದು ದೂರಿದೆ. 'ಸೇವಾಮನೋಭಾವ' ಎಂದು ಹೊಗಳಿ ಹೊಗಳಿಯೇ ಸಂಬಳದ ಮಾತು ಬಂದಾಗ ಬಾಯಿ ಮುಚ್ಚಿಸುತ್ತಾರೆ ಎನ್ನುವುದು. ಹೊಗಳಿಕೆಯ ಚೀಟಿಯೂ ಕೊನೆಗೆ ಚೀಟಿಯೇ.

ಈಗ ಎರಡನೆಯ ಚಿತ್ರ. ಇದನ್ನು ಸುಳ್ಳೆಂದು ತಳ್ಳಿಹಾಕಲು ನನ್ನಿಂದ ಆಗದು. ಫಿಟ್ಸ್ ಬರುವ ಹುಡುಗನೊಬ್ಬನನ್ನು ತೆಗೆದುಕೊಳ್ಳಿ. ನಮ್ಮ ಕಡೆ ಫಿಟ್ಸ್ ಬಂದರೆ ಮೊದಲು ಕೈಗೆ ಬೀಗದ ಕೈ ತುರುಕುತ್ತಾರೆ, ಆಮೇಲೆ ಆಟೋ ಹುಡುಕುತ್ತಾರೆ. ಪ್ರಾರ್ಥನಾ ಮಂದಿರದಲ್ಲಾದರೆ ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯ ಓದುತ್ತಾರೆ. ನೊರೆ ಕಾರುತ್ತ ನೆಲಕ್ಕೆ ಬೀಳುವ ಹುಡುಗನಿಂದ ಯೇಸು ದೆವ್ವ ಬಿಡಿಸಿದ ಪ್ರಸಂಗ ಅದು. ಉಪವಾಸ ಪ್ರಾರ್ಥನೆ ನಡೆಯುತ್ತದೆ, ತಲೆಗೆ ಎಣ್ಣೆ ಹಚ್ಚುತ್ತಾರೆ, ಹುಡುಗನಿಗೆ ಒಂದು ತಿಂಗಳು ಫಿಟ್ಸ್ ಬರುವುದಿಲ್ಲ. ತಾಯಿ ಎದ್ದು ನಿಂತು ಕಣ್ಣೀರು ಸುರಿಸುತ್ತ, ದೇವರೇ ವಾಸಿಮಾಡಿದನೆಂದು ಎಲ್ಲರೆದುರು ಸಾಕ್ಷಿ ಹೇಳುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಆದರೆ ಫಿಟ್ಸ್ ದಿನಾ ಬರುವ ಕಾಯಿಲೆಯಲ್ಲ. ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಬಿಡುವು ಕೊಡುತ್ತದೆ. ಸಾಕ್ಷಿ ಹೇಳುವುದು ಆ ಬಿಡುವಿನಲ್ಲಿ. ಮಾತ್ರೆ ನಿಲ್ಲಿಸುವುದೂ ಅದೇ ಬಿಡುವಿನಲ್ಲಿ. ಎರಡು ತಿಂಗಳ ಮೇಲೆ ಹುಡುಗ ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಂಡರೆ ಆ ಸುದ್ದಿಗೆ ಮೈಕು ಕೊಡುವವರಿಲ್ಲ. ಈಗಂತೂ ಸಾಕ್ಷಿಯೆಲ್ಲ ರೀಲ್ಸ್ ಆಗಿ ಓಡಾಡುತ್ತದೆ. ತಾಯಿಯ ಅಳು ಅರ್ಧ ನಿಮಿಷದಲ್ಲಿ ಹತ್ತು ಹಳ್ಳಿ ಮುಟ್ಟುತ್ತದೆ.

ಕ್ಷಯದಲ್ಲೂ ಇದೇ ಲೆಕ್ಕ. ಆರು ತಿಂಗಳ ಮಾತ್ರೆ, ಕೆಮ್ಮು ಕಡಿಮೆಯಾಗುವುದು ಕೆಲವೇ ವಾರದಲ್ಲಿ. ಆ ವಾರಗಳಲ್ಲಿ ಪಾಸ್ಟರು ಪ್ರಾರ್ಥಿಸಿದ್ದರೆ ಕೀರ್ತಿ ಪಾಸ್ಟರಿಗೆ, ದೊಡ್ಡಮ್ಮ ತಾಯಿಗೆ ಹರಕೆ ಹೊತ್ತಿದ್ದರೆ ಕೀರ್ತಿ ದೊಡ್ಡಮ್ಮ ತಾಯಿಗೆ. ಮಾತ್ರೆ ನಿಲ್ಲಿಸಿದರೆ ಉಳಿಯುವುದು ಔಷಧಿಗೆ ಬಗ್ಗದ ಕ್ಷಯ.

ಪ್ರಾರ್ಥನೆಯ ಫಲವನ್ನು ಅಳೆಯಲು ಹೋದವರೂ ಇದ್ದಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಆರು ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳಿದ್ದರು. ಅಪರಿಚಿತರು ತಮಗಾಗಿ ಪ್ರಾರ್ಥಿಸುತ್ತಾರೋ ಇಲ್ಲವೋ ಗೊತ್ತಿಲ್ಲದವರ ಎರಡು ಗುಂಪಿನಲ್ಲಿ, ಪ್ರಾರ್ಥನೆ ಸಿಕ್ಕವರಲ್ಲಿ ಶೇ. 52, ಸಿಗದವರಲ್ಲಿ ಶೇ. 51 ಮಂದಿಗೆ ತೊಂದರೆಗಳು ಕಾಣಿಸಿಕೊಂಡವು. ಖಂಡಿತ ಪ್ರಾರ್ಥಿಸುತ್ತಾರೆಂದು ಗೊತ್ತಿದ್ದವರಲ್ಲಿ ಅದು ಶೇ. 59. ನನ್ನ ಮಟ್ಟಿಗೆ ಹೇಳುವುದಾದರೆ, ದೇವರು ತಕ್ಕಡಿಯಲ್ಲಿ ಕೂರುತ್ತಾನೆಂದು ನಂಬಿದ್ದೇ ವಿಚಿತ್ರ. ಪ್ರಾರ್ಥನೆಯನ್ನು ಮಾತ್ರೆಯ ಜಾಗದಲ್ಲಿ ಇಡಕೂಡದು ಎನ್ನುವುದಕ್ಕೆ ಮಾತ್ರ ಅಷ್ಟು ಸಾಕು.

ಹಾಗೆ ಇಡಿ ಎಂದು ಬೈಬಲೇ ಹೇಳುತ್ತದೆಯೇ? ಕ್ಯಾಥೊಲಿಕರ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನಿಗೆ ಗೌರವ ಕೊಡು, ಅವನನ್ನೂ ದೇವರೇ ಸೃಷ್ಟಿಸಿದ್ದು ಎನ್ನುತ್ತದೆ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎನ್ನುವ ಯಕೋಬನ ಪತ್ರ ವೈದ್ಯನ ಬಳಿ ಹೋಗಬೇಡಿ ಎನ್ನುವುದಿಲ್ಲ. ಲೂಕನನ್ನು ಪೌಲ 'ಪ್ರಿಯ ವೈದ್ಯ' ಎಂದೇ ಕರೆಯುತ್ತಾನೆ. ಕೊರೊನಾ ಲಸಿಕೆ ತೆಗೆದುಕೊಳ್ಳುವುದು ನೈತಿಕವಾಗಿ ಸರಿಯೇ ಎಂದು ವ್ಯಾಟಿಕನ್ 2020ರ ಡಿಸೆಂಬರಿನಲ್ಲೇ ಹೇಳಿತ್ತು. ಪಾಸ್ಟರುಗಳಲ್ಲೂ ಬಹಳ ಮಂದಿ ಪ್ರಾರ್ಥನೆ ಮುಗಿಸಿ, "ನಾಳೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಮ್ಮ" ಎಂದೇ ಕಳಿಸುತ್ತಾರೆ. ಮಾತ್ರೆ ಬಿಸಾಕು ಎನ್ನುವವನ ದನಿ ದೊಡ್ಡದು, ಅಷ್ಟೇ.

ಅವನಿಗೆ ಕಡಿವಾಣ ಹಾಕಲು ಧರ್ಮದ ಹೆಸರೆತ್ತದ ಕಾನೂನುಗಳೇ ಸಾಕಷ್ಟಿವೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗಗಳನ್ನು ಪವಾಡದ ಮದ್ದಿನಿಂದ ವಾಸಿಮಾಡುತ್ತೇನೆಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಕರ್ನಾಟಕದ 2017ರ ಮೌಢ್ಯ ವಿರೋಧಿ ಕಾಯಿದೆ ಹಾವು, ಚೇಳು, ನಾಯಿ ಕಚ್ಚಿದವನನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದನ್ನು ಅಪರಾಧವೆನ್ನುತ್ತದೆ. ಮಕ್ಕಳ ವಿಷಯದಲ್ಲಿ ಬೇರೆ ದೇಶಗಳೂ ಬಿಗಿಯಾಗಿವೆ. 2008ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸಕ್ಕರೆ ಕಾಯಿಲೆಯ 11 ವರ್ಷದ ಹುಡುಗಿಗೆ ಹೆತ್ತವರು ಬರೀ ಪ್ರಾರ್ಥಿಸುತ್ತ ಕೂತು ಅವಳು ಸತ್ತಾಗ, ಇಬ್ಬರಿಗೂ ಆದ ಶಿಕ್ಷೆಯನ್ನು ಆ ರಾಜ್ಯದ ಸುಪ್ರೀಂ ಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ವಯಸ್ಕ ತನ್ನ ಮೈಗೆ ಬೇಡವೆನ್ನಬಹುದು, ಮಗುವಿನ ಮೈಗೆ ಅನ್ನುವಂತಿಲ್ಲ. ನನಗೆ ಈ ಗೆರೆ ಸರಿಯಾಗಿಯೇ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಇದೆಲ್ಲ ತಲೆಕೆಳಗಾಗುವ ಒಂದು ಸಂಗತಿಗೆ ಬರುತ್ತೇನೆ. ಭಕ್ತರು ಚಿಕಿತ್ಸೆ ಬೇಡವೆನ್ನುತ್ತಾರೆ ಎಂಬುದು ಸಾಮಾನ್ಯ ಊಹೆ. ಅಮೆರಿಕದಲ್ಲಿ ಕೊನೆಯ ಹಂತದ ಕ್ಯಾನ್ಸರಿನ 345 ರೋಗಿಗಳನ್ನು ಗಮನಿಸಿದ 2009ರ ಅಧ್ಯಯನದಲ್ಲಿ ಕಂಡದ್ದು ಉಲ್ಟಾ. ಕಾಯಿಲೆಯನ್ನು ಎದುರಿಸಲು ದೇವರ ಮೇಲೆ ಹೆಚ್ಚು ಭಾರ ಹಾಕಿದವರಲ್ಲಿ ಶೇ. 13.6 ಮಂದಿ ಕೊನೆಯ ವಾರದಲ್ಲಿ ವೆಂಟಿಲೇಟರ್‌ನಂತಹ ತೀವ್ರ ಚಿಕಿತ್ಸೆ ಪಡೆದಿದ್ದರು; ಉಳಿದವರಲ್ಲಿ ಶೇ. 4.2 ಮಾತ್ರ. ನಮ್ಮ ಐ.ಸಿ.ಯು.ಗಳ ಹೊರಗಿನ ಬೆಂಚಿನಲ್ಲಿ ರಾತ್ರಿ ಕೂತವರಿಗೆ ಇದರಲ್ಲಿ ಆಶ್ಚರ್ಯವಿರಲಾರದು. "ಅದ್ಭುತ ಆಗುತ್ತೆ ಸಾರ್, ದೇವರು ಕೈಬಿಡಲ್ಲ, ಮೆಷಿನ್ ತೆಗೀಬೇಡಿ" ಎನ್ನುವುದು ಜಪಸರ ಹಿಡಿದವರೂ ಹೌದು, ನಂಜುಂಡೇಶ್ವರನ ಪ್ರಸಾದ ತಂದವರೂ ಹೌದು. ದೇವರಿಗೆ ಟೈಮ್ ಬೇಕು, ಆ ಟೈಮನ್ನು ಮೆಷಿನ್ ಕೊಡಲಿ ಎನ್ನುವ ಲೆಕ್ಕಾಚಾರ. ಮಿತಿಮೀರಿದ ಚಿಕಿತ್ಸೆ ಕಡ್ಡಾಯವಲ್ಲ ಎಂದು ಪೋಪ್ 12ನೆಯ ಪಿಯುಸ್ 1957ರಲ್ಲೇ ಹೇಳಿದ್ದಾರೆ. ಆ ಮಾತು ಐ.ಸಿ.ಯು. ಬೆಂಚಿನವರೆಗೆ ತಲುಪಿಲ್ಲ. ಅಲ್ಲಿ ಜಮೀನು ಮಾರುವ ಮಾತು ನಡೆಯುತ್ತಿರುತ್ತದೆ.

ಹಾಗಾದರೆ ಕ್ರೈಸ್ತ ಎಂಬ ಒಂದು ಪದದಿಂದ ಡಾಕ್ಟರಿಗೆ ಏನು ತಿಳಿದಂತಾಯಿತು? ರಕ್ತ ಬೇಡವೆನ್ನಬಹುದು, ಬೇಕೆನ್ನಬಹುದು, ಮಾತ್ರೆ ಬಿಸಾಡಬಹುದು, ವೆಂಟಿಲೇಟರ್ ಬಿಡಲೊಲ್ಲೆ ಎನ್ನಬಹುದು. ತಿಳಿದದ್ದು ಸೊನ್ನೆ.

ಬೆರಕೆ ಎಲ್ಲರಲ್ಲೂ ಇದೆ. ಜೂನ್ 13ಕ್ಕೆ ಕೆ.ಆರ್. ನಗರದ ಕಡೆಯ ದೋರನಹಳ್ಳಿಗೆ ಸಂತ ಅಂತೋಣಿಯವರ ಹಬ್ಬಕ್ಕೆ ಹೋದರೆ ಮೇಣದ ಬತ್ತಿ ಹಿಡಿದು ನಿಂತವರಲ್ಲಿ ಕುಂಕುಮ ಇಟ್ಟವರು ಎಷ್ಟು ಜನ ನೋಡಿ. ಕಾಮಾಲೆಗೆ ನಾಟಿ ಮದ್ದು, ಸರ್ಪಸುತ್ತಿಗೆ ಮಂತ್ರ, ಅಮ್ಮನಿಗೆ ಬೇವಿನ ಸೊಪ್ಪು, ಎದೆನೋವಿಗೆ ಜಯದೇವ. ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆಯ ಹಿಂದೆ ಸುತ್ತೂರು ಮಠವಿದೆ, ನಾಗಮಂಗಲ ತಾಲ್ಲೂಕಿನ ವೈದ್ಯಕೀಯ ಕಾಲೇಜಿನ ಹಿಂದೆ ಆದಿಚುಂಚನಗಿರಿ ಮಠವಿದೆ. ಮಠಕ್ಕೂ ಸ್ಕ್ಯಾನಿಂಗ್ ಮೆಷಿನ್ನಿಗೂ ಜಗಳವೆಂದು ಯಾರೂ ಹೇಳಿದ್ದಿಲ್ಲ. ವ್ಯತ್ಯಾಸ ಇರುವುದು ನಾವು ಓದುವ ರೀತಿಯಲ್ಲಿ. ಗೌಡರ ಮನೆಯ ಅಜ್ಜ ಇನ್ಸುಲಿನ್ ಬಿಟ್ಟು ಹಾಗಲಕಾಯಿ ರಸ ಕುಡಿದರೆ "ಹಠಮಾರಿ ಮುದುಕಪ್ಪ". ಅದೇ ಕೆಲಸವನ್ನು ಪ್ರಾರ್ಥನೆಗೆ ಹೋಗುವ ಅಜ್ಜ ಮಾಡಿದರೆ "ಅವರಲ್ಲಿ ಹಾಗೇ". 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಹೆಚ್ಚಿನವರಿಗೆ ಹತ್ತಿರದ ಒಬ್ಬ ಕ್ರೈಸ್ತ ಗೆಳೆಯನೂ ಇರುವುದಿಲ್ಲ, ಇರುವುದು ಒಂದು ರೀಲ್ಸು ಮತ್ತು ಒಂದು ಸಿನಿಮಾದ ಪಾದ್ರಿ.

ಈ ಊಹೆಯ ನಿಜವಾದ ಖರ್ಚು ಗೊತ್ತಾಗುವುದು ಒ.ಪಿ.ಡಿ.ಯಲ್ಲಿ. ಪ್ರಾರ್ಥನೆಗೆ ಹೋಗುತ್ತೇನೆಂದರೆ ಡಾಕ್ಟರು ನಗುತ್ತಾರೆ ಅಥವಾ ಬೈಯುತ್ತಾರೆ ಎಂದು ಗೊತ್ತಾದ ಹೆಂಗಸು ಬಾಯಿ ಬಿಡುವುದಿಲ್ಲ. ಮೂರು ವಾರದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಲ್ಲ ಎಂಬುದೂ ಅದರ ಜೊತೆಗೇ ಒಳಗೆ ಉಳಿಯುತ್ತದೆ. "ಸರಿಯಾಗಿ ತಗೊಳ್ತಿದ್ದೀರಾ?" "ಹೂಂ ಸಾರ್." ಡಾಕ್ಟರು ಡೋಸು ಏರಿಸುತ್ತಾರೆ. ಮನೆಗೆ ಹೋಗಿ ಅವಳು ಹೆದರಿ ಒಮ್ಮೆಲೇ ಆ ಏರಿಸಿದ ಡೋಸು ನುಂಗಿದರೆ ಸಕ್ಕರೆ ಕುಸಿಯಿತು.

ಕೇಳುವುದು ಕಷ್ಟದ ಕೆಲಸವೇನಲ್ಲ. ಚಿಕಿತ್ಸೆಗೆ ಮೊದಲು ರೋಗಿಗೆ ತಿಳಿಸಿ ಹೇಳಿ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ವಿವರವಾಗಿಯೇ ಹೇಳಿದೆ. ಕನ್ನಡದಲ್ಲಿ ಅದು ಎರಡು ಸಾಲು. "ಅಮ್ಮ, ನಾಳೆ ರಕ್ತ ಹಾಕ್ಬೇಕು, ಹಾಕದಿದ್ದರೆ ಹೀಗೀಗಾಗಬಹುದು. ಹಾಕ್ಲಾ, ಬೇಡ್ವಾ?" ಇದರಲ್ಲಿ ಧರ್ಮದ ಹೆಸರೇ ಬರುವುದಿಲ್ಲ, 'ನಿಮ್ಮಲ್ಲಿ' ಎಂಬ ಪದವೂ ಬರುವುದಿಲ್ಲ. 'ನಿಮ್ಮಲ್ಲಿ' ಎಂದ ಕೂಡಲೇ ರೋಗಿ ಒಬ್ಬಳಾಗಿ ಉಳಿಯದೆ ಊರಾಗಿಬಿಡುತ್ತಾಳೆ. ಸಾಧ್ಯವಾದರೆ ಮನೆಯವರಿಲ್ಲದಾಗ ಇನ್ನೊಮ್ಮೆ ಕೇಳಬೇಕು. ಭಕ್ತಿ ಅತ್ತೆಯದು, ಮೈ ಸೊಸೆಯದು ಆಗಿರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಚಿಕ್ಕಮ್ಮನಿಗೆ ಮರುದಿನ ರಕ್ತ ಹಾಕಿದರು. ಬಾಟಲಿಯ ಮೇಲಿನ ನಂಬರು ನೋಡಿ, "ಯಾರ್ದಂತೆ ಇದು?" ಎಂದು ಸಿಸ್ಟರನ್ನು ಕೇಳಿದಳು. ಅದನ್ನು ಹೇಳುವುದಿಲ್ಲಮ್ಮ ಎಂದರು ಅವರು. "ಹೆಸರು ಬ್ಯಾಡ ಬಿಡಿ, ಜಪ ಮಾಡೋದಕ್ಕೆ ನಂಬರೇ ಸಾಕು" ಎಂದು ಜಪಸರವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು; ಸೂಜಿ ಚುಚ್ಚಿದ ಕೈ ಅಲ್ಲಾಡಿಸಬೇಡಿ ಎಂದಿದ್ದರಲ್ಲ.